ಲಂಡನ್ನಿನ ಹಳದಿ ಚೌಕ: ಎರಡು ಸೆಕೆಂಡಿಗೆ 160 ಪೌಂಡ್

ಬೆಂಗಳೂರಿನಲ್ಲಿ ಹತ್ತು ವರ್ಷ ಕಾರು ಓಡಿಸಿ ಇಂಗ್ಲೆಂಡಿಗೆ ಹೋದವರಿಗೆ ಅಲ್ಲಿನ ರಸ್ತೆ ಅಷ್ಟೇನೂ ಹೊಸದು ಅನ್ನಿಸುವುದಿಲ್ಲ. ಅಲ್ಲೂ ಓಡಿಸುವುದು ಎಡಕ್ಕೇ, ಸ್ಟೀರಿಂಗ್ ಇರುವುದು ಬಲಕ್ಕೇ. ನಮ್ಮ ಲೈಸೆನ್ಸ್ ಇಟ್ಟುಕೊಂಡೇ ಮೊದಲ 12 ತಿಂಗಳು ಓಡಿಸಬಹುದು. ಕೈಕೊಡುವುದು ನಮ್ಮದೇ ಒಂದು ಅಭ್ಯಾಸ. ಮುಂದಿನ ಗಾಡಿ ಒಂದಡಿ ಸರಿದರೆ ನಾವೂ ಒಂದಡಿ ಸರಿಯುತ್ತೇವೆ. ಜಾಗ ಬಿಟ್ಟರೆ ಪಕ್ಕದವನು ಮೂತಿ ತೂರಿಸುತ್ತಾನೆ ಎಂಬ ಭಯ. ಅದೇ ಓಘದಲ್ಲಿ ಹೋಗಿ ಜಂಕ್ಷನ್ನಿನ ಹಳದಿ ಅಡ್ಡಗೆರೆಗಳ ಮೇಲೆ ನಿಂತಿರೋ, ಕೆಲವು ದಿನಗಳಲ್ಲಿ ಮನೆಗೆ ಲಕೋಟೆ ಬರುತ್ತದೆ.

ಲಂಡನ್ನಿನಲ್ಲಿ ಪ್ರಯೋಗ ಮಾಡಿ ನೋಡಿದ ಮೇಲೆ 1967ರಲ್ಲಿ ಬ್ರಿಟನ್ ಈ ಹಳದಿ ಚೌಕಗಳನ್ನು, ಅಂದರೆ ಬಾಕ್ಸ್ ಜಂಕ್ಷನ್‌ಗಳನ್ನು, ಜಾರಿಗೆ ತಂದಿತು. ಉದ್ದೇಶ ಸರಳ: ಒಂದು ದಿಕ್ಕಿನ ಸಾಲು ಜಂಕ್ಷನ್ನಿನ ನಡುವೆ ಹೂತುಕೊಂಡು ಅಡ್ಡರಸ್ತೆಯನ್ನೂ ಕಟ್ಟಿಹಾಕಬಾರದು. ನಿಯಮ ಮಾತ್ರ ಜನ ತಿಳಿದುಕೊಂಡಷ್ಟು ಸರಳವಲ್ಲ. ‘ಹಳದಿ ಮೇಲೆ ನಿಲ್ಲಬಾರದು’ ಎಂದಷ್ಟೇ ಹೇಳಿಕೊಡುತ್ತಾರೆ. 2016ರ ಸಂಚಾರ ಚಿಹ್ನೆಗಳ ನಿಯಮಾವಳಿ ಹೇಳುವುದು ಬೇರೆ: ನಿಂತಿರುವ ವಾಹನಗಳಿಂದಾಗಿ ಚೌಕದೊಳಗೆ ನಿಲ್ಲಲೇಬೇಕಾದ ಸ್ಥಿತಿ ಬರುವಂತೆ ಚೌಕಕ್ಕೆ ಗಾಡಿ ನುಗ್ಗಿಸಬಾರದು. ಅಂದರೆ ತಪ್ಪು ಆಗುವುದು ಮುಂದಿನ ಚಕ್ರ ಒಳಗೆರೆ (ಚೌಕಕ್ಕೆ ಒಳಹೋಗುವ ಕಡೆಯ ಗೆರೆ) ದಾಟುವ ಕ್ಷಣದಲ್ಲಿ. ನಿಲ್ಲುವುದು ಅದಕ್ಕೆ ಸಾಕ್ಷಿ ಮಾತ್ರ. ಎಷ್ಟು ಹೊತ್ತು ನಿಂತರೆ ತಪ್ಪು ಎಂದು ನಿಯಮದಲ್ಲಿ ಎಲ್ಲೂ ಇಲ್ಲ. ಎರಡು ಸೆಕೆಂಡಿಗೂ ನೋಟಿಸ್ ಬರಬಹುದು.

ಹೆಚ್ಚಿನವರು ಸಿಕ್ಕಿಬೀಳುವುದು ಹೀಗೆ. ಸಿಗ್ನಲ್ ಹಸಿರು. ಮುಂದಿನ ಕಾರು ಚಲಿಸುತ್ತಿದೆ, ಅದರ ಬೆನ್ನಿಗೇ ನೀವೂ ಹೊರಡುತ್ತೀರಿ. ಅದು ಚೌಕ ದಾಟಿ ಹೊರಗೆರೆಯಿಂದ ಎರಡು ಮೀಟರ್ ಆಚೆ ನಿಲ್ಲುತ್ತದೆ. ನಿಮ್ಮ ಕಾರಿನ ಮೂತಿ ಹೊರಗೆ, ಹಿಂದಿನ ಚಕ್ರ ಹಳದಿ ಮೇಲೆ. ‘ನಾನು ಹೊರಟಾಗ ಅದು ಓಡುತ್ತಲೇ ಇತ್ತಲ್ಲ’ ಎಂಬ ವಾದ ನಡೆಯುವುದಿಲ್ಲ, ಏಕೆಂದರೆ ನೀವು ಒಳಗೆರೆ ದಾಟಿದಾಗ ಆಚೆ ನಿಮಗೆಂದು ಜಾಗ ಇರಲಿಲ್ಲ. ಹಸಿರು ದೀಪವೂ ರಕ್ಷಣೆಯಲ್ಲ, ಹಿಂದಿನವನ ಹಾರ್ನ್ ಅಂತೂ ಅಲ್ಲವೇ ಅಲ್ಲ. (ಅಲ್ಲಿ ಹಾರ್ನ್ ಬಾರಿಸುವವರು ಕಡಿಮೆ. ಬಾರಿಸಿದರೆ ಎದೆ ಹಾರಿ ಕಾಲು ತಾನಾಗಿ ಆಕ್ಸಿಲರೇಟರಿಗೆ ಹೋಗುತ್ತದೆ.)

ಅಳತೆ ಹೀಗಿಟ್ಟುಕೊಳ್ಳಿ. ಗಾಲ್ಫ್‌ನಂಥ ಹ್ಯಾಚ್‌ಬ್ಯಾಕ್ ಸುಮಾರು 4.3 ಮೀಟರ್ ಉದ್ದ. ಆಚೆಗೆರೆಗೂ ಮುಂದೆ ನಿಂತ ಗಾಡಿಯ ಬಂಪರಿಗೂ ನಡುವೆ ಇಷ್ಟು ಜಾಗ, ಮೇಲೊಂದು ಮೀಟರ್, ಕಣ್ಣಿಗೆ ಕಂಡ ಮೇಲೆ ಹೊರಡಬೇಕು. ಮುಂದೆ ಡಬಲ್ ಡೆಕ್ಕರ್ ಬಸ್ಸೋ ಎತ್ತರದ ವ್ಯಾನೋ ಇದ್ದು ಆಚೆಗೆರೆಯೇ ಕಾಣದಿದ್ದರೆ, ಅದು ಪೂರ್ತಿ ದಾಟುವವರೆಗೂ ಒಳಗೆರೆಯ ಹಿಂದೆಯೇ ನಿಲ್ಲುವುದು ಒಳ್ಳೆಯದು. ಹೊರಹೋಗುವ ರಸ್ತೆಯಲ್ಲಿ ಎರಡು ಲೇನ್ ಇದ್ದರೆ ನೋಡಬೇಕಾದ್ದು ನಿಮ್ಮ ಲೇನಿನ ಜಾಗ.

ಬಲಕ್ಕೆ ತಿರುಗುವವರಿಗೆ ಒಂದು ವಿನಾಯಿತಿ ಇದೆ. ಎದುರಿನಿಂದ ಗಾಡಿಗಳು ಬರುತ್ತಿವೆ, ಅಥವಾ ನಿಮ್ಮ ಮುಂದೆ ಇನ್ನೊಬ್ಬರು ಬಲಕ್ಕೆ ತಿರುಗಲು ಕಾಯುತ್ತಿದ್ದಾರೆ ಎಂದರೆ ಚೌಕದೊಳಗೆ ಹೋಗಿ ಕಾಯಬಹುದು. ಈ ವಿನಾಯಿತಿಯೇ ಹಲವರಿಗೆ ಗುಂಡಿ ತೋಡುವುದು. ಎದುರಿನ ಸಾಲು ಮುಗಿಯಿತು, ನೀವು ತಿರುಗಿದಿರಿ, ನೋಡಿದರೆ ತಿರುಗಬೇಕಾದ ರಸ್ತೆಯೇ ಜಾಮ್. ಈಗ ನಿಮ್ಮನ್ನು ತಡೆದಿರುವುದು ಎದುರಿನ ಗಾಡಿಗಳಲ್ಲ, ಹೊರದಾರಿಯಲ್ಲಿ ನಿಂತ ಸಾಲು. ಅಲ್ಲಿಗೆ ವಿನಾಯಿತಿ ಮುಗಿಯಿತು. ಹಾಗಾಗಿ ಬಲಕ್ಕೆ ತಿರುಗುವಾಗಲೂ ಒಳಹೋಗುವ ಮೊದಲು ಕತ್ತು ಹೊರಳಿಸಿ ಆ ರಸ್ತೆ ಖಾಲಿ ಇದೆಯೇ ಎಂದು ನೋಡಲೇಬೇಕು. ನೇರ ಹೋಗುವವರಿಗೆ, ಎಡಕ್ಕೆ ಹೊರಳುವವರಿಗೆ ಈ ಸೌಲಭ್ಯವಿಲ್ಲ; ವೃತ್ತದ ಮೇಲೆ ಬರೆದ ಚೌಕಗಳಲ್ಲಿ ಬಲಕ್ಕೆ ಹೋಗುವವರಿಗೂ ಇಲ್ಲ.

ಇನ್ನು ದುಡ್ಡಿನ ಮಾತು. ಲಂಡನ್ನಿನಲ್ಲಿ ಇದು ಪೊಲೀಸರ ಕೈಯಿಂದ ಸ್ಥಳೀಯ ಆಡಳಿತದ ಕೈಗೆ ಹೋಗಿ ಬಹಳ ವರ್ಷವಾಯಿತು. ಕ್ಯಾಮೆರಾ ನೋಡುತ್ತದೆ, ನೋಟಿಸ್ ಅಂಚೆಯಲ್ಲಿ ಬರುತ್ತದೆ. ನಗರದ ಸಾರಿಗೆ ಸಂಸ್ಥೆಯಾದ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಉಸ್ತುವಾರಿಯ ರಸ್ತೆಗಳಲ್ಲಿ ದಂಡ 160 ಪೌಂಡ್. 2025ರ ಏಪ್ರಿಲ್‌ನಿಂದ ಬರೋ ಕೌನ್ಸಿಲ್‌ಗಳ (ಲಂಡನ್ನಿನ ಒಂದೊಂದು ಭಾಗದ ಸ್ಥಳೀಯ ಆಡಳಿತಗಳ) ದರವೂ ಅಷ್ಟೇ. 14 ದಿನದೊಳಗೆ ಕಟ್ಟಿದರೆ ಅರ್ಧ, 80 ಪೌಂಡ್. 28 ದಿನ ದಾಟಿಯೂ ಸುಮ್ಮನಿದ್ದರೆ ಮುಂದಿನ ಹಂತದಲ್ಲಿ ಅರ್ಧದಷ್ಟು ಏರಿ 240 ಆಗುತ್ತದೆ. ಲಂಡನ್ನಿನ ಹೊರಗೆ ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ ಈ ಅಧಿಕಾರದ ಬಾಗಿಲು ತೆರೆದದ್ದು 2022ರ ಮೇ 31ರಂದು. ಅಲ್ಲಿ ದಂಡ 70 ಪೌಂಡ್, 21 ದಿನದೊಳಗೆ ಕಟ್ಟಿದರೆ 35, ತಡವಾದರೆ 105. ಹೊಸದಾಗಿ ಕ್ಯಾಮೆರಾ ಬಂದ ಜಾಗದಲ್ಲಿ ಮೊದಲ ಆರು ತಿಂಗಳು, ಮೊದಲ ಸಲ ತಪ್ಪಿದವರಿಗೆ ಎಚ್ಚರಿಕೆ ಪತ್ರ ಕಳಿಸಿ ಬಿಡಬೇಕೆಂದು ಸರ್ಕಾರದ ಮಾರ್ಗಸೂಚಿ ಇದೆ. ಕೌನ್ಸಿಲ್ ಕಳಿಸುವ ಈ ದಂಡದಿಂದ ಲೈಸೆನ್ಸ್ ಮೇಲೆ ಪಾಯಿಂಟ್ ಬೀಳುವುದಿಲ್ಲ.

ನೋಟಿಸ್ ಕೈಗೆ ಬಂದೊಡನೆ ದುಡ್ಡು ಕಟ್ಟಬೇಡಿ, ಮೊದಲು ವಿಡಿಯೊ ನೋಡಿ. ಅದನ್ನು ಎಲ್ಲಿ ನೋಡಬೇಕೆಂದು ನೋಟಿಸ್‌ನಲ್ಲೇ ಇರುತ್ತದೆ. ಫೋಟೊ ನಂಬಿ ಕೂರಬೇಡಿ. ಫೋಟೊದಲ್ಲಿ ಎಲ್ಲ ಕಾರುಗಳೂ ನಿಂತೇ ಇರುತ್ತವೆ! ನಿಮ್ಮ ಮುಂದಿನ ಚಕ್ರ ಗೆರೆ ದಾಟುವ ಘಳಿಗೆಯಲ್ಲಿ ವಿಡಿಯೊ ನಿಲ್ಲಿಸಿ ಆಚೆ ಎಷ್ಟು ಜಾಗ ಇತ್ತು ನೋಡಿ. ಜಾಗ ಇತ್ತು, ಆಮೇಲೆ ಪಕ್ಕದ ಲೇನಿನವನು ಅಡ್ಡ ಬಂದು ಅದನ್ನು ನುಂಗಿದ ಎಂದಾದರೆ ನಿಮ್ಮ ವಾದಕ್ಕೆ ಬಲವಿದೆ. ಪಾದಚಾರಿಗೆ ದಾರಿ ಬಿಡಲು ನಿಂತಿದ್ದರೆ, ತಡೆದದ್ದು ನಿಂತ ವಾಹನವಲ್ಲ. ನಿಯಮದ ಮಾತಿಗೇ ಅದು ಹೊಂದುವುದಿಲ್ಲ. ಆಚೆ ಕಾರು ಹಿಡಿಸುವಷ್ಟು ಜಾಗವಿದ್ದೂ ಮುಂದಿನ ಗಾಡಿಯಿಂದ ದೂರ ಇರಲೆಂದು ಹಿಂದೆಯೇ ನಿಂತಿದ್ದರೆ, ‘ನಿಲ್ಲಲೇಬೇಕಾದ’ ಸ್ಥಿತಿ ಇರಲಿಲ್ಲ ಎಂದು ವಾದಿಸಬಹುದು. ಹಿಂದಿನ ಬಂಪರ್ ಗೆರೆಯ ಮೇಲೆ ಒಂದು ಚೂರು ಉಳಿದಿದ್ದರೆ ತೀರಾ ಕ್ಷುಲ್ಲಕ ಎಂದು ಕೇಳಿ ನೋಡಬಹುದು, ಗೆಲ್ಲುವ ಖಾತ್ರಿ ಇಲ್ಲ.

ಆಕ್ಷೇಪಣೆಯನ್ನು ಮೊದಲು ನೋಟಿಸ್ ಕೊಟ್ಟವರಿಗೇ, 28 ದಿನದೊಳಗೆ ಬರೆಯಬೇಕು. ವಿಡಿಯೊದ ಯಾವ ಸೆಕೆಂಡಿನಲ್ಲಿ ಏನಾಯಿತು ಎಂದು ನಾಲ್ಕು ಸಾಲು ಬರೆದರೆ ಸಾಕು. ಆಫೀಸಿಗೆ ತಡವಾಗುತ್ತಿತ್ತು, ಊರಿಗೆ ಹೊಸಬ ಎಂಬುದೆಲ್ಲ ಕಾಗದ ತುಂಬಿಸುತ್ತದೆ ಅಷ್ಟೇ. ರಿಯಾಯಿತಿ ಅವಧಿಯೊಳಗೇ ಬರೆಯಿರಿ. ತಿರಸ್ಕರಿಸಿದರೂ ಅರ್ಧ ದರವನ್ನು ಮತ್ತೆ ಕೊಡುವ ಕೌನ್ಸಿಲ್‌ಗಳಿವೆ. ಅಲ್ಲಿ ಸೋತರೆ ಲಂಡನ್ನಿನವರಿಗೆ ಲಂಡನ್ ಟ್ರಿಬ್ಯೂನಲ್ಸ್, ಹೊರಗಿನವರಿಗೆ ಟ್ರಾಫಿಕ್ ಪೆನಾಲ್ಟಿ ಟ್ರಿಬ್ಯೂನಲ್. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಅಲ್ಲೂ ಸೋತರೆ ಪೂರ್ತಿ ದಂಡ ಕಟ್ಟಬೇಕು. ಮೇಲಿನ ಯಾವ ಕಾರಣವೂ ನಿಮ್ಮ ವಿಡಿಯೊದಲ್ಲಿ ಕಾಣದಿದ್ದರೆ 80 ಕಟ್ಟಿ ಮುಗಿಸುವುದೇ ಲೇಸು.

ನೋಟಿಸ್ ಹೋಗುವುದು ಕಾರು ಓಡಿಸಿದವರಿಗಲ್ಲ, ಡಿವಿಎಲ್‌ಎ (ಅಲ್ಲಿನ ವಾಹನ ನೋಂದಣಿ ಇಲಾಖೆ) ದಾಖಲೆಯಲ್ಲಿ ಕಾರು ಯಾರ ಹೆಸರಿನಲ್ಲಿದೆಯೋ ಅವರ ವಿಳಾಸಕ್ಕೆ. ಬಾಡಿಗೆ ಮನೆ ಬದಲಿಸಿದಾಗ ಲೈಸೆನ್ಸಿನಲ್ಲಿ ವಿಳಾಸ ತಿದ್ದಿಸಿ, ಕಾರಿನ ಲಾಗ್‌ಬುಕ್ (ನೋಂದಣಿ ಪತ್ರ) ಮರೆಯುವವರು ಬಹಳ. ಕಾಗದ ಹಳೇ ಮನೆಗೆ ಹೋಗಿ ಬೀಳುತ್ತದೆ, ದಂಡ 240ಕ್ಕೆ ಏರುತ್ತದೆ, ಕೊನೆಗೆ ವಸೂಲಿಯವರು ಬಾಗಿಲು ತಟ್ಟಿದಾಗಲೇ ವಿಷಯ ತಿಳಿಯುವುದು. ಕಾರು ಬಾಡಿಗೆಯದಾದರೆ ನೋಟಿಸ್ ಮೊದಲು ಕಂಪನಿಗೆ ಹೋಗುತ್ತದೆ. ಅವರು ನಿಮ್ಮ ಹೆಸರು ಕೊಟ್ಟರೆ ನಿಮ್ಮ ಹೆಸರಿಗೆ ಬೇರೆ ನೋಟಿಸ್ ಬರುತ್ತದೆ, ಆಕ್ಷೇಪಣೆಗೆ ದಾರಿ ಇರುತ್ತದೆ. ತಾವೇ ಕಟ್ಟಿ, ತಮ್ಮ ಶುಲ್ಕವನ್ನೂ ಸೇರಿಸಿ ನಿಮ್ಮ ಕಾರ್ಡಿನಿಂದ ಎಳೆದುಕೊಂಡರೆ ಆ ದಾರಿ ಮುಚ್ಚಿದಂತೆಯೇ. ಎರಡರಲ್ಲಿ ಯಾವುದು ಎಂಬುದು ಕರಾರಿನಲ್ಲೇ ಬರೆದಿರುತ್ತದೆ. ಕೀಲಿ ತೆಗೆದುಕೊಳ್ಳುವ ಮೊದಲು ಆ ಕಲಮು ಓದಿಕೊಳ್ಳಿ.