ಗ್ಯಾರಂಟರ್ ಸಹಿ ಅಂದ್ರೆ ಸಾಕ್ಷಿ ಸಹಿನಾ? ಸಾಲದ ಕಾಗದದಲ್ಲಿ ಬರುವ ಇಂಗ್ಲಿಷ್ ಪದಗಳು

ಪ್ರಶ್ನೆ: ನಾನು ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನಲ್ಲಿ ಸರ್ಕಾರಿ ಶಾಲೆ ಶಿಕ್ಷಕ. ನಮ್ಮ ಸೋದರಮಾವನ ಮಗ ಟ್ರ್ಯಾಕ್ಟರ್ ಸಾಲ ತಗೊಳ್ತಿದ್ದಾನೆ. ಗ್ಯಾರಂಟರ್ ಅಂತ ನನ್ನ ಸಹಿ ಬೇಕಂತೆ. "ಸುಮ್ನೆ ಒಂದ್ ಸೈ ಅದರಿ, ಸಾಕ್ಷಿ ಇದ್ದಂಗ" ಅಂತ ಏಜೆಂಟ್ ಹೇಳ್ತಾನೆ. ಕಾಗದದ ತುಂಬಾ ಇಂಗ್ಲಿಷ್. ಹೈಪಾಥಿಕೇಷನ್, ಲೀನ್, ಕೊಲ್ಯಾಟರಲ್, ಮಾರ್ಜಿನ್, ನಾಮಿನಿ ಅಂತೆಲ್ಲ ಇದೆ. ಇವುಗಳ ಅರ್ಥ ಏನು? ಸಹಿ ಹಾಕಲಾ, ಬೇಡವಾ?

ಉತ್ತರ: ಕಲಬುರಗಿ, ಬೀದರ್, ಯಾದಗಿರಿ ಕಡೆಯ ಪಗಾರದವರು ಜಾಸ್ತಿ ಕೇಳುವ ಪ್ರಶ್ನೆ ಇದು. ಮನೆತನದಲ್ಲಿ ಒಬ್ಬರಿಗೆ ಸರ್ಕಾರಿ ನೌಕರಿ ಇದ್ದರೆ ಸಾಕು, ಸಾಲ ಬೇಕಾದವರೆಲ್ಲ ಅವರ ಬಾಗಿಲಿಗೇ ಬರುತ್ತಾರೆ. ಹಾಗಾಗಿ ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಗ್ಯಾರಂಟರ್ ಸಹಿ ಸಾಕ್ಷಿ ಸಹಿ ಅಲ್ಲ. ಎರಡೂ ಒಂದೇ ಅಂತ ಹೇಳಿದವರು ನಿಮಗೆ ತಪ್ಪು ಹೇಳಿದ್ದಾರೆ.

ಸಾಕ್ಷಿಯ ಕೆಲಸ ಸಣ್ಣದು. ಇಂಥವರು ನನ್ನ ಕಣ್ಣೆದುರು ಸಹಿ ಹಾಕಿದರು, ಅಷ್ಟೇ. ಜಮೀನಿನ ಅಡಮಾನ ಪತ್ರಕ್ಕೆ ಇಬ್ಬರು ಸಾಕ್ಷಿಗಳು ಬೇಕು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳುತ್ತದೆ. ಮುಂದೆ ತಕರಾರು ಬಂದರೆ ಆ ಇಬ್ಬರನ್ನು ಕೋರ್ಟಿಗೆ ಕರೆಸಬಹುದು. ಆದರೆ ಅವರ ಜೇಬಿಗೆ ಯಾರೂ ಕೈ ಹಾಕುವಂತಿಲ್ಲ.

ಗ್ಯಾರಂಟರ್ ಅಂದರೆ ಜಾಮೀನುದಾರ. ಅವನು ಕಟ್ಟದಿದ್ದರೆ ನಾನು ಕಟ್ಟುತ್ತೇನೆ ಎಂದು ಮಾತು ಕೊಟ್ಟವರು. ಕೆಲವು ಕಾಗದಗಳಲ್ಲಿ ಶ್ಯೂರಿಟಿ ಅಂತ ಬರೆದಿರುತ್ತದೆ, ಅದೂ ಇದೇ. 1872ರ ಭಾರತೀಯ ಕರಾರು ಕಾಯ್ದೆಯ 126ನೇ ಕಲಮಿನಲ್ಲಿ ಇದರ ವಿವರ ಇದೆ. ಈ ಮಾತು ಬರವಣಿಗೆಯಲ್ಲೇ ಇರಬೇಕು ಅಂತಿಲ್ಲ, ಬಾಯಿಮಾತೂ ನಡೆಯುತ್ತದೆ ಎಂದು ಅದೇ ಕಲಮು ಹೇಳುತ್ತದೆ. ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಯಲ್ಲಿ ಕುಳಿತು "ಅವನಿಗೆ ಗೊಬ್ಬರಕ್ಕ ರೊಕ್ಕ ಕೊಡ್ರಿ, ಅವ ಕೊಡಲಿಲ್ಲ ಅಂದ್ರ ನಾ ಕೊಡ್ತೀನಿ" ಅಂದರೂ ಅದು ಗ್ಯಾರಂಟಿಯೇ. ರುಜುವಾತು ಮಾಡೋದು ಕಷ್ಟ ಇರಬಹುದು, ಅದು ಬೇರೆ ವಿಷಯ.

ಇನ್ನು 128ನೇ ಕಲಮು. ನಿಮ್ಮ ಪ್ರಶ್ನೆಗೆ ಉತ್ತರ ನಿಜವಾಗಿ ಇರೋದು ಇಲ್ಲೇ. ಬೇರೆ ಥರ ಬರೆದುಕೊಳ್ಳದಿದ್ದರೆ, ಸಾಲ ಪಡೆದವರ ಹೊಣೆ ಎಷ್ಟೋ ಗ್ಯಾರಂಟರ್ ಹೊಣೆಯೂ ಅಷ್ಟೇ. ಅಸಲು, ಬಡ್ಡಿ, ಖರ್ಚು ಎಲ್ಲ ಸೇರಿ. ಮೊದಲು ಅವನ ಜಮೀನು ಮಾರಲಿ, ಟ್ರ್ಯಾಕ್ಟರ್ ಮಾರಲಿ, ಕಡಿಮೆ ಬಿದ್ದರೆ ನನ್ನ ಹತ್ತಿರ ಬರಲಿ ಅಂತ ಬಹಳ ಜನ ನಂಬಿಕೊಂಡಿರುತ್ತಾರೆ. ಕಾನೂನು ಹಾಗಿಲ್ಲ. ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1968ರಲ್ಲೇ ಇದನ್ನು ಹೇಳಿಬಿಟ್ಟಿದೆ. ಸಾಲಗಾರನ ಬೆನ್ನು ಹತ್ತಿ ಮುಗಿಸಿದ ಮೇಲೆಯೇ ಗ್ಯಾರಂಟರ್ ಹತ್ತಿರ ಬಾ ಎಂದು ಬ್ಯಾಂಕಿಗೆ ಹೇಳಿದರೆ ಗ್ಯಾರಂಟಿ ತಗೊಂಡ ಉದ್ದೇಶವೇ ಉಳಿಯುವುದಿಲ್ಲ, ಇದು ಆ ತೀರ್ಪಿನ ಸಾರ. ಅಂದರೆ ಅವನು ಕಂತು ತಪ್ಪಿಸಿದರೆ ಬ್ಯಾಂಕಿನವರು ಬೇಕಾದರೆ ಮೊದಲೇ ನಿಮ್ಮ ಹತ್ತಿರ ಬರಬಹುದು. ನಿಮಗೆ ತಿಂಗಳ ಪಗಾರ ಇದೆ, ಅವನಿಗೆ ತೊಗರಿ ರಾಶಿ ಆದಮೇಲೆ ಮಾತ್ರ ರೊಕ್ಕ. ಯಾರ ಹತ್ತಿರ ವಸೂಲಿ ಸುಲಭ ಅಂತ ಅವರಿಗೆ ಗೊತ್ತಿರುತ್ತದೆ.

ಕಾಗದದಲ್ಲಿ 'ಜಾಯಿಂಟ್ಲಿ ಅಂಡ್ ಸೆವೆರಲಿ' ಅಂತ ಇದೆಯಾ ನೋಡಿ. ಎಲ್ಲರೂ ಸೇರಿಯೂ, ಒಬ್ಬೊಬ್ಬರೇ ಆಗಿಯೂ ಪೂರ್ತಿ ಸಾಲಕ್ಕೆ ಹೊಣೆ ಎಂದು ಅದರ ಅರ್ಥ. ಇಬ್ಬರು ಗ್ಯಾರಂಟರ್ ಇದ್ದಾರೆ, ನನ್ನ ಪಾಲು ಅರ್ಧ ಅಂತ ಬ್ಯಾಂಕಿನ ಮುಂದೆ ವಾದ ಮಾಡೋಕೆ ಆಗಲ್ಲ. ಪೂರ್ತಿ ಕಟ್ಟಿದ ಮೇಲೆ ಇನ್ನೊಬ್ಬ ಗ್ಯಾರಂಟರ್ ಹತ್ತಿರ ಅವರ ಪಾಲು ಕೇಳಬಹುದು. ಸಾಲ ಪಡೆದವನ ಹತ್ತಿರ ಪೂರ್ತಿ ಕೇಳಬಹುದು. 145 ಮತ್ತು 146ನೇ ಕಲಮು ಆ ಹಕ್ಕು ಕೊಟ್ಟಿವೆ. ಆದರೆ ಮಾವನ ಮಗನ ಮೇಲೆ ನೀವೇ ದಾವೆ ಹಾಕಬೇಕು. ಮನೆ ಮನೆಯ ನಡುವೆ ಅದು ಎಷ್ಟು ಕಹಿ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಪಗಾರದ ವಿಷಯ ಲೆಕ್ಕ ಹಾಕಿಯೇ ನೋಡೋಣ. ನಿಮ್ಮ ಮೇಲೆ ಕೋರ್ಟ್ ತೀರ್ಪು ಆಗಿ ಪಗಾರ ಜಪ್ತಿಗೆ ಬಂತು ಅಂದುಕೊಳ್ಳಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಮೊದಲ 1,000 ರೂಪಾಯಿ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಮೂರನೇ ಎರಡು ಭಾಗವೂ ನಿಮಗೇ. ಲೆಕ್ಕಕ್ಕೆ ಬರುವ ಪಗಾರ 40,000 ರೂಪಾಯಿ ಆದರೆ, 1,000 ಪಕ್ಕಕ್ಕಿಟ್ಟು ಉಳಿದ 39,000ದ ಮೂರನೇ ಒಂದು ಭಾಗ, ಅಂದರೆ ತಿಂಗಳಿಗೆ 13,000 ಹೋಗಬಹುದು. ಒಂದೇ ತೀರ್ಪಿನ ಅಡಿಯಲ್ಲಿ ಒಟ್ಟು 24 ತಿಂಗಳು ಹೀಗೆ ಕಡಿತ ಆದಮೇಲೆ ಆ ತೀರ್ಪಿಗಾಗಿ ಮತ್ತೆ ಪಗಾರ ಹಿಡಿಯುವಂತಿಲ್ಲ. ಎರಡು ವರ್ಷ ತಿಂಗಳಿಗೆ 13,000 ಅಂದರೆ ಮಕ್ಕಳ ಕಾಲೇಜಿನ ಖರ್ಚೇ ಹೋದ ಹಾಗೆ, ಅಲ್ವಾ? ಸಹಕಾರಿ ಸಂಘಗಳಲ್ಲಿ ಪಗಾರದಿಂದ ನೇರವಾಗಿ ಕಡಿತ ಮಾಡಲು ಮೊದಲೇ ಒಪ್ಪಿಗೆ ಪತ್ರ ಬರೆಸಿಕೊಳ್ಳುವುದುಂಟು. ಅಂಥ ಪತ್ರ ನಿಮ್ಮ ಕಾಗದದ ಕಟ್ಟಿನಲ್ಲಿ ಇದೆಯಾ ಅಂತ ಬೇರೆಯಾಗಿ ಹುಡುಕಿ.

ಇನ್ನೊಂದು ವಿಷಯ ಏಜೆಂಟ್ ಹೇಳಿರಲಿಕ್ಕಿಲ್ಲ. ನೀವು ಗ್ಯಾರಂಟಿ ಕೊಟ್ಟ ಸಾಲ ನಿಮ್ಮ ಸಿಬಿಲ್ ವರದಿಯಲ್ಲೂ, ಅಂದರೆ ನಿಮ್ಮ ಸಾಲದ ಚರಿತ್ರೆ ತೋರಿಸುವ ವರದಿಯಲ್ಲೂ, ಬರುತ್ತದೆ. ಅವನ ಕಂತು ತಪ್ಪಿದರೆ ನಾಳೆ ನಿಮ್ಮ ಮನೆ ಸಾಲಕ್ಕೆ ಅಡ್ಡ ಬರಬಹುದು.

ಈಗ ಉಳಿದ ಪದಗಳಿಗೆ ಬರೋಣ. ಹೈಪಾಥಿಕೇಷನ್ ಹೆಸರು ಮಾತ್ರ ಉದ್ದ, ವಿಷಯ ಸರಳ. ವಸ್ತು ನಿಮ್ಮ ಹತ್ತಿರವೇ ಇರುತ್ತದೆ, ಓಡಿಸಬಹುದು, ದುಡಿಸಬಹುದು, ಆದರೆ ಸಾಲ ತೀರುವ ತನಕ ಅದರ ಮೇಲೆ ಬ್ಯಾಂಕಿನ ಹಕ್ಕು ಇರುತ್ತದೆ. ಟ್ರ್ಯಾಕ್ಟರಿನ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಅದಕ್ಕೇ ಬರೆದಿರುತ್ತದೆ. ಬಂಗಾರದ ಸಾಲ ಹಾಗಲ್ಲ. ಅಲ್ಲಿ ಒಡವೆಯನ್ನು ಬ್ಯಾಂಕಿನ ಕೈಗೇ ಕೊಡಬೇಕು. ಅದು ಪ್ಲೆಜ್, ನಮ್ಮ ಕಡೆ ಗಿರವಿ ಅಂತೀವಲ್ಲ, ಅದು. ಜಮೀನು, ಮನೆ ಇಟ್ಟರೆ ಮಾರ್ಟ್‌ಗೇಜ್, ಅಡಮಾನ. ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕಿನ ಹೆಸರು ಬಂದು ಕೂತರೆ ಊರಲ್ಲಿ ಬೋಜಾ ಕುಂತದ ಅಂತಾರೆ. ಈ ಮೂರಕ್ಕೂ ಸೇರಿ ಇರುವ ದೊಡ್ಡ ಹೆಸರೇ ಕೊಲ್ಯಾಟರಲ್. ಸಾಲಕ್ಕೆ ಭದ್ರತೆಯಾಗಿ ಇಟ್ಟ ಆಸ್ತಿ ಅಂತ ತಿಳಿದುಕೊಂಡರೆ ಸಾಕು. ಕೃಷಿ ಸಾಲದಲ್ಲಿ ಒಬ್ಬ ರೈತನಿಗೆ 2 ಲಕ್ಷ ರೂಪಾಯಿವರೆಗೆ ಇದನ್ನು ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ, ಅದಕ್ಕೂ ಮುಂಚೆ ಮಿತಿ 1.6 ಲಕ್ಷ ಇತ್ತು. ಟ್ರ್ಯಾಕ್ಟರ್ ಸಾಲ ಇದಕ್ಕಿಂತ ದೊಡ್ಡದು. ಆದರೆ ಬೀಜ, ಗೊಬ್ಬರಕ್ಕೆ ಸಣ್ಣ ಸಾಲ ತೆಗೆಯುವವರು ಈ ಮಾತು ನೆನಪಿಟ್ಟುಕೊಂಡು ಕೇಳಬೇಕು.

ಹೈಪಾಥಿಕೇಷನ್ ಇರುವಾಗ ಗ್ಯಾರಂಟರ್ ಯಾಕೆ ಬೇಕು ಅಂತ ನಿಮಗೆ ಅನ್ನಿಸಬಹುದು. ಟ್ರ್ಯಾಕ್ಟರ್ ಹಳೆಯದಾಗುತ್ತಾ ಬೆಲೆ ಇಳಿಯುತ್ತದೆ, ಬಡ್ಡಿ ಏರುತ್ತಾ ಹೋಗುತ್ತದೆ. ಬಾಕಿ 5 ಲಕ್ಷ ಇದ್ದು ಹರಾಜಿನಲ್ಲಿ 3 ಲಕ್ಷ ಬಂದರೆ ಉಳಿದ 2 ಲಕ್ಷ ನಿಮ್ಮ ತಲೆಗೆ ಬರುತ್ತದೆ. ಬ್ಯಾಂಕಿಗೆ ಆ ಕೊರತೆಯ ಭಯ ಇದ್ದೇ ಇರುತ್ತದೆ. ಗಾಡಿಯನ್ನು ಎಳೆದೊಯ್ಯಲು ಗೂಂಡಾಗಳನ್ನು ಕಳಿಸುವಂತಿಲ್ಲ, ಕಾನೂನಿನ ದಾರಿಯಲ್ಲೇ ವಸೂಲಿ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಮಾವನ ಮಗನಿಗೂ ಇದು ಗೊತ್ತಿರಲಿ.

ಮಾರ್ಜಿನ್ ಅಂದರೆ ಇಲ್ಲಿ ಲಾಭ ಅಲ್ಲ. ಟ್ರ್ಯಾಕ್ಟರ್ ಬೆಲೆಯಲ್ಲಿ ರೈತ ಕೈಯಿಂದ ಹಾಕಬೇಕಾದ ಪಾಲು. ಆ ಪಾಲನ್ನೂ ಅವನು ಕೈಗಡ ತಂದು ಕಟ್ಟುತ್ತಿದ್ದರೆ ಸ್ವಲ್ಪ ಯೋಚನೆ ಮಾಡಿ.

ಲೀನ್ ಪದ ಶಿಕ್ಷಕರಾದ ನಿಮಗೆ ಬೇರೆ ಅರ್ಥದಲ್ಲಿ ಪರಿಚಯ ಇರುತ್ತದೆ. ಬೇರೆ ಇಲಾಖೆಗೆ ಆಯ್ಕೆಯಾದವರು ಹಳೆ ಹುದ್ದೆಯ ಮೇಲೆ ಉಳಿಸಿಕೊಳ್ಳುವ ಹಕ್ಕಿಗೂ ಲೀನ್ ಅಂತಲೇ ಹೇಳುತ್ತಾರೆ. ಬ್ಯಾಂಕಿನಲ್ಲಿ ಲೀನ್ ಅಂದರೆ ಬಾಕಿ ತೀರುವ ತನಕ ಹಿಡಿದಿಟ್ಟುಕೊಳ್ಳುವ ಹಕ್ಕು. ಕರಾರು ಕಾಯ್ದೆಯ 171ನೇ ಕಲಮು ಬ್ಯಾಂಕಿಗೆ ಇದನ್ನು ಕೊಟ್ಟಿದೆ. ಅದೇ ಬ್ಯಾಂಕಿನಲ್ಲಿ ನಿಮ್ಮ ಎಫ್‌ಡಿ ಇದ್ದರೆ ಗ್ಯಾರಂಟಿಯ ಬಾಕಿಗೆ ಅದನ್ನೂ ತಡೆಹಿಡಿಯಬಹುದು. ಮಗಳ ಮದುವೆಗೆ ಅಂತ ಇಟ್ಟ ಠೇವಣಿ ಅದೇ ಶಾಖೆಯಲ್ಲಿ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ. ಸಾಲವೇ ಇಲ್ಲದವರ ಮೊಬೈಲಿಗೂ ಕೆಲವು ಸಲ 'ಲೀನ್ ಅಮೌಂಟ್' ಅಂತ ಸಂದೇಶ ಬರುತ್ತದೆ. ಖಾತೆಯಲ್ಲಿ ಅಷ್ಟು ಹಣ ಇದೆ, ಆದರೆ ತೆಗೆಯುವಂತಿಲ್ಲ ಎಂದು ಅರ್ಥ. ಕಟ್ಟದ ಶುಲ್ಕ, ಕೋರ್ಟ್ ಆದೇಶ, ಸೈಬರ್ ವಂಚನೆಯ ದೂರು, ಹೀಗೆ ಕಾರಣ ಏನೂ ಇರಬಹುದು. ಶಾಖೆಗೆ ಹೋಗಿ ಯಾರ ಸೂಚನೆ ಮೇಲೆ ಹಾಕಿದ್ದೀರಿ ಅಂತ ಬರವಣಿಗೆಯಲ್ಲಿ ಕೇಳಿ.

ನಾಮಿನಿ ಅಂದರೆ ಖಾತೆದಾರ ತೀರಿಕೊಂಡರೆ ಹಣ ಪಡೆಯಲು ಹೆಸರು ಬರೆಸಿದವರು. ಇದರ ಬಗ್ಗೆ ಜನರಲ್ಲಿರುವ ಒಂದು ತಪ್ಪು ತಿಳಿವಳಿಕೆ ತಿದ್ದಬೇಕು. ಬ್ಯಾಂಕ್ ಠೇವಣಿಗೆ ನಾಮಿನಿ ಆದವರು ಮಾಲೀಕರಲ್ಲ. ಹಣ ಪಡೆದುಕೊಂಡು ವಾರಸುದಾರರಿಗೆ ತಲುಪಿಸಬೇಕಾದವರು. 2010ರ ಸುಪ್ರೀಂ ಕೋರ್ಟ್ ತೀರ್ಪೂ ಹೀಗೇ ಹೇಳುತ್ತದೆ. ಜೀವ ವಿಮೆ ಬೇರೆ. ವಿಮಾ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ನಂತರ ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿ ಆಗಿದ್ದರೆ ಹಣ ಅವರಿಗೇ ಸೇರುತ್ತದೆ ಎಂದು ಕಾಯ್ದೆ ಹೇಳುತ್ತದೆ, ಆದರೆ ಬೇರೆ ವಾರಸುದಾರರು ತಕರಾರು ತೆಗೆದರೆ ಕೋರ್ಟುಗಳ ತೀರ್ಪು ಒಂದೇ ರೀತಿ ಇಲ್ಲ. ಟ್ರ್ಯಾಕ್ಟರ್ ಸಾಲದ ಜೊತೆಗೆ ಜೀವ ವಿಮೆ ಇದ್ದರೆ ನಿಮಗೂ ಅದು ಒಳ್ಳೆಯದು. ಅವನಿಗೆ ಏನಾದರೂ ಆದರೆ ಬಾಕಿ ಮೊದಲು ಅಲ್ಲಿಂದ ತೀರುತ್ತದಾ ಅಂತ ಕೇಳಿ.

ಸಹಿ ಹಾಕಲಾ ಅಂದಿರಿ. ಆ ಬಾಕಿಯನ್ನು ನಾನೇ ಕಟ್ಟಬೇಕಾಗಿ ಬಂದರೂ ಮನೆ ನಡೆಯುತ್ತದೆ ಅನ್ನುವ ಧೈರ್ಯ ಇದ್ದರೆ ಮಾತ್ರ ಹಾಕಿ ಅಂತ ನನ್ನ ಅಭಿಪ್ರಾಯ. ಅವನು ಒಳ್ಳೆಯವನೇ ಇರಬಹುದು. ಆದರೆ ನಮ್ಮ ಕಡೆ ಕಂತು ನಿಂತಿರೋದು ಮಳೆ ಮೇಲೆ, ತೊಗರಿ ದರದ ಮೇಲೆ. ಒಳ್ಳೆಯತನ ಒಂದರಿಂದಲೇ ಕಂತು ಕಟ್ಟೋಕೆ ಆಗಲ್ಲ.

ಹಾಕಲೇಬೇಕಾದರೆ ಮೊದಲು ನಿಮ್ಮ ಹೊಣೆಗೆ ಮಿತಿ ಹಾಕಿಸಿ. ಇಷ್ಟು ರೂಪಾಯಿವರೆಗೆ ಮಾತ್ರ ಎಂದು ಬರೆಸಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ. ಬ್ಯಾಂಕ್ ಒಪ್ಪದೆಯೂ ಇರಬಹುದು, ಕೇಳಿದರೆ ನಷ್ಟವಿಲ್ಲ. ಖಾಲಿ ಬಿಟ್ಟ ಜಾಗ ಇರುವ ಫಾರಂಗೆ ಸಹಿ ಹಾಕಬೇಡಿ. 'ಕಂಟಿನ್ಯೂಯಿಂಗ್ ಗ್ಯಾರಂಟಿ' ಅಂತ ಇದ್ದರೆ ಎಚ್ಚರ. ಅದು ಈ ಒಂದು ಸಾಲಕ್ಕೆ ಮುಗಿಯದೆ ಮುಂದೆ ಅವನು ತೆಗೆಯುವ ಸಾಲಗಳಿಗೂ ಬರಬಹುದು. ಮುಂದಿನ ವ್ಯವಹಾರಕ್ಕೆ ನಾನಿಲ್ಲ ಎಂದು ನೋಟಿಸ್ ಕೊಟ್ಟು ಹೊರಬರಲು 130ನೇ ಕಲಮಿನಲ್ಲಿ ದಾರಿ ಇದೆ, ಆದರೆ ಆಗಲೇ ಕೊಟ್ಟ ಸಾಲದ ಹೊಣೆ ತಪ್ಪುವುದಿಲ್ಲ. ನಿಮ್ಮನ್ನು ಕೇಳದೆ ಸಾಲದ ಷರತ್ತು ಬದಲಿಸಿದರೆ ಆಮೇಲಿನ ವ್ಯವಹಾರದ ಹೊಣೆ ನಿಮ್ಮದಲ್ಲ ಎಂದು 133ನೇ ಕಲಮು ಹೇಳುತ್ತದೆ. ಬ್ಯಾಂಕಿನ ಫಾರಂಗಳಲ್ಲಿ ಈ ರಕ್ಷಣೆಯನ್ನೇ ಬಿಟ್ಟುಕೊಟ್ಟೆ ಎಂದು ಒಂದು ಸಾಲು ಸೇರಿಸಿರುವುದುಂಟು. 'ವೇವ್' ಅನ್ನುವ ಪದ ಕಂಡರೆ ಅಲ್ಲಿ ನಿಲ್ಲಿ, ಏನನ್ನು ಬಿಟ್ಟುಕೊಡುತ್ತಿದ್ದೀರಿ ಅಂತ ಓದಿಸಿ ಕೇಳಿ. ಸಾಲ ಫೈನಾನ್ಸ್ ಕಂಪನಿಯದ್ದಾದರೆ, ಸಾಲ ಪಡೆಯುವವರಿಗೆ ತಿಳಿಯುವ ಭಾಷೆಯಲ್ಲೇ ಕಾಗದ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಇದೆ. ಕನ್ನಡದಲ್ಲಿ ಕೊಡಿ ಅಂತ ಮಾವನ ಮಗನೇ ಕೇಳಲಿ. ಸಹಿ ಹಾಕಿದ ಪ್ರತಿಯೊಂದರ ನಕಲು ನೀವೂ ಇಟ್ಟುಕೊಳ್ಳಿ.

ಸಾಲ ತೀರಿದ ಮೇಲೆ ನೋ ಡ್ಯೂ ಸರ್ಟಿಫಿಕೇಟ್, ಅಂದರೆ ಬಾಕಿ ಇಲ್ಲ ಎನ್ನುವ ಪತ್ರ, ಅವನ ಹೆಸರಿಗೆ ಬರುತ್ತದೆ. ನಿಮ್ಮ ಗ್ಯಾರಂಟಿಯೂ ಮುಗಿಯಿತು ಎಂದು ಬೇರೆ ಪತ್ರ ಕೇಳಿ ಪಡೆಯಿರಿ. ಆರ್‌ಸಿಯಿಂದ ಹೈಪಾಥಿಕೇಷನ್ ತೆಗೆಸಲು ಬ್ಯಾಂಕಿನ ಸಹಿ ಇರುವ ಫಾರಂ 35 ಆರ್‌ಟಿಓ ಕಚೇರಿಗೆ ಕೊಡಬೇಕು. ಜಮೀನಿನ ಮೂಲ ಕಾಗದಗಳನ್ನು ಬ್ಯಾಂಕ್ 30 ದಿನದೊಳಗೆ ವಾಪಸ್ ಕೊಡಬೇಕು. ತನ್ನ ತಪ್ಪಿನಿಂದ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ರಿಸರ್ವ್ ಬ್ಯಾಂಕಿನ ಈ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪಹಣಿಯ ಬೋಜಾ ಹೋಗಿದೆಯಾ ಅಂತ ಹೊಸ ಪಹಣಿ ತೆಗೆಸಿ ನೋಡಲಿಕ್ಕೆ ಅವನಿಗೆ ಹೇಳಿ.