305ನ್ನು 3005 ಎಂದು ಬರೆದ ಮಗು: ಪ್ರಾಚೀನ ಅಂಕಿಗಳ ಪಾಠಕ್ಕೊಂದು ಟಿಪ್ಪಣಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಗೆ ಬೋಧನಾಭ್ಯಾಸಕ್ಕೆ ಹೋಗಿದ್ದಾಗ ಮೂರನೇ ತರಗತಿಯ ಮಕ್ಕಳಿಗೆ ‘ಮುನ್ನೂರ ಐದು’ ಬರೆಯಲು ಹೇಳಿದೆ. ಒಬ್ಬಳು 3005 ಎಂದು ಬರೆದು ತಂದಳು. ಕಿವಿಗೆ ಬಿದ್ದದ್ದನ್ನು ಹಾಗೆಯೇ ಇಳಿಸಿದ್ದಳು: ಮೊದಲು ಮುನ್ನೂರು, ಪಕ್ಕದಲ್ಲಿ ಐದು. ಹಳೆಯ ಸಂಖ್ಯಾ ಪದ್ಧತಿಗಳ ಪಾಠವನ್ನು ನಾನೀಗ ಈ ತಪ್ಪಿನಿಂದಲೇ ಶುರುಮಾಡುತ್ತೇನೆ. 305 ಒಂದನ್ನೇ ಹಿಡಿದುಕೊಂಡು ದೇಶ ಸುತ್ತಿದರೆ ಸಾಕು.

ಈಜಿಪ್ಟಿನವರಿಗೆ ಒಂದಕ್ಕೆ ಗೆರೆ, ನೂರಕ್ಕೆ ಹಗ್ಗದ ಸುರುಳಿ. ತೆಂಗಿನ ನಾರಿನ ಹಗ್ಗ ನಮ್ಮ ಮಕ್ಕಳ ಮನೆಯಲ್ಲೇ ಇರುತ್ತದೆ. ಮೂರು ಸುರುಳಿ, ಐದು ಹಿಡಿಸೂಡಿ ಕಡ್ಡಿ ಬೆಂಚಿನ ಮೇಲಿಡಿ. ಕಡ್ಡಿಗಳನ್ನು ಎಡಕ್ಕೆ ಸರಿಸಿ “ಈಗ ಎಷ್ಟು?” ಎಂದು ಕೇಳಿ. ಆಗಲೂ ಅಷ್ಟೇ, 305! ಹತ್ತರ ಗುರುತು ಇಲ್ಲಿ ಬೇಕಿಲ್ಲ. ಅದು ಇಲ್ಲವೆಂದು ತೋರಿಸಲು ಸೊನ್ನೆಯೂ ಬೇಕಿಲ್ಲ. ರೋಮನ್ ಅಂಕಿಗಳನ್ನು ಮಕ್ಕಳು ಗಡಿಯಾರದಲ್ಲಿ ನೋಡಿರುತ್ತಾರೆ, ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ.

ಅದಕ್ಕಿಂತ ಹತ್ತಿರದ್ದು ಹಳೆಯ ಮಲಯಾಳಂ ಅಂಕಿ. ಅದರಲ್ಲಿ ಹತ್ತು, ನೂರು, ಸಾವಿರಕ್ಕೆ ಬೇರೆ ಬೇರೆ ಗುರುತುಗಳಿದ್ದವು. 305 ಎಂದರೆ ಮೂರು, ನೂರರ ಗುರುತು, ಐದು. ಬಾಯಲ್ಲಿ ಹೇಳಿದ ಹಾಗೆಯೇ ಬರಹ. ನಮ್ಮ ಹುಡುಗಿ ಮಾಡಿದ್ದೂ ಇದನ್ನೇ. ನೂರರ ಗುರುತಿನ ಬದಲು ಎರಡು ಸೊನ್ನೆ ಹಾಕಿದ್ದಳು. ಹಾಗಾಗಿ ಅವಳಿಗೆ ‘ತಪ್ಪು’ ಎಂದು ಗೆರೆ ಎಳೆಯುವ ಮೊದಲು ಇದನ್ನು ಬೋರ್ಡಿನಲ್ಲಿ ಬರೆದು ತೋರಿಸಬೇಕು.

ಬ್ಯಾಬಿಲೋನಿಗೆ ಬಂದಾಗ ನಿಧಾನಿಸಿ. ಅವರದು ಅರವತ್ತರ ಲೆಕ್ಕ. 305 ಸೆಕೆಂಡು ಅಂದರೆ 5 ನಿಮಿಷ 5 ಸೆಕೆಂಡು ತಾನೆ? ಹಾಗೆಯೇ ಆವೆಮಣ್ಣಿನ ಹಲಗೆಯಲ್ಲಿ ಐದು ಬೆಣೆಯಾಕಾರದ ಗುರುತು, ನಡುವೆ ಸ್ವಲ್ಪ ಜಾಗ, ಮತ್ತೆ ಐದು. ಎಡಗಡೆಯ ಐದಕ್ಕೆ 300ರ ಬೆಲೆ, ಬಲಗಡೆಯದ್ದಕ್ಕೆ ಬರೀ 5. ಗುರುತು ಒಂದೇ, ಕೂತ ಜಾಗ ಬೇರೆ. ಮಕ್ಕಳೇ ಮಣ್ಣಿನಲ್ಲಿ ಒತ್ತಿ ನೋಡಲಿ.

ಶಿಕ್ಷಕರಾಗುವ ನಮಗೆ ಇನ್ನೂ ಒಂದು ಹೆಜ್ಜೆ ಬೇಕು. 65ಕ್ಕೆ ಒಂದು ಗುರುತು, ಆಮೇಲೆ ಐದು. 3605ಕ್ಕೂ (60 × 60 + 5) ಒಂದು, ಆಮೇಲೆ ಐದು. ನಡುವಿನ ಅರವತ್ತರ ಸ್ಥಾನ ಖಾಲಿ. ಓದುವವನಿಗೆ ಗೊತ್ತಾಗುವುದು ಹೇಗೆ? ಮೊದಮೊದಲು ಕೆಲವೊಮ್ಮೆ ಹೆಚ್ಚು ಜಾಗ ಬಿಡುತ್ತಿದ್ದರು, ಎಷ್ಟೋ ಕಾಲದ ಮೇಲೆ ಅಲ್ಲಿ ಎರಡು ಓರೆ ಗುರುತು ಹಾಕತೊಡಗಿದರು. ನಮ್ಮಲ್ಲಿ ಗ್ವಾಲಿಯರಿನ ಕ್ರಿ.ಶ. 876ರ ಶಾಸನದಲ್ಲಿ 270 ಹಸ್ತದ (ಮೊಳದ) ಹೂದೋಟದ ಅಳತೆಗೆ ಪುಟ್ಟ ವೃತ್ತದ ಸೊನ್ನೆಯೇ ಇದೆ.

ಇಷ್ಟಾದ ಮೇಲೆ ಆ ಹುಡುಗಿಯನ್ನು ಕೇಳಿದೆ: “ಹತ್ತರ ಮನೆಯಲ್ಲಿ ಯಾರಿದ್ದಾರೆ ಮಗಾ?” “ಯಾರೂ ಇಲ್ಲ ಟೀಚರ್” ಎಂದಳು. 3 ಬರೆದಳು, ತುಸು ಯೋಚಿಸಿ ಒಂದೇ ಒಂದು ಸೊನ್ನೆ ಹಾಕಿದಳು, ಆಮೇಲೆ 5.