ಕ್ಲಿಪ್ ಸಡಿಲಾಯಿತೆಂದು ದಪ್ಪ ತಗಡು ಹಾಕಬೇಡಿ

ಕತ್ತಿಗೆ ಹದ ಹಾಕಿಸಲು ಬರುವವರ ಜೊತೆ ಈಗ ನಮ್ಮ ವರ್ಕ್‌ಶಾಪಿಗೆ ಇನ್ನೊಂದು ಬಗೆಯ ಜನ ಬರುತ್ತಾರೆ. ಚಾಕುವಿಗೆ ತಾವೇ ಚರ್ಮದ ಒರೆ ಹೊಲಿದಿರುತ್ತಾರೆ, ಬೆಲ್ಟಿಗೆ ಸಿಕ್ಕಿಸಲು ತಾವೇ ತಗಡು ಕತ್ತರಿಸಿ ಕ್ಲಿಪ್ ಬಗ್ಗಿಸಿರುತ್ತಾರೆ. ಹೊಲಿಗೆ ನೋಡಿದರೆ ಖುಷಿಯಾಗುತ್ತದೆ. ಕ್ಲಿಪ್ ಮಾತ್ರ ಬಾಯಿ ಬಿಟ್ಟಿರುತ್ತದೆ. 'ಅಣ್ಣ, ಇದಕ್ಕಿಂತ ದಪ್ಪದ ತಗಡು ಕೊಡಿ' ಅನ್ನುತ್ತಾರೆ. ಎಷ್ಟು ಜನಕ್ಕೆ ಬೇಡ ಅಂತ ಹೇಳಿದ್ದೇನೋ, ಮತ್ತೆ ಅದೇ ಕೇಳುತ್ತಾರೆ.

ದಪ್ಪ ಮಾಡಿದರೆ ಕ್ಲಿಪ್ ಇನ್ನೂ ಬೇಗ ಸಡಿಲಾಗುತ್ತದೆ. ಪಟ್ಟಿ ಬಗ್ಗಿದಾಗ ಒಂದು ಮೈ ಹಿಗ್ಗುತ್ತದೆ, ಇನ್ನೊಂದು ಮೈ ಕುಗ್ಗುತ್ತದೆ. ಬೆಲ್ಟ್ ತೂರಲು ಬಾಯಿ ಎಷ್ಟು ತೆರೆಯಬೇಕೋ ಅಷ್ಟು ತೆರೆಯಲೇಬೇಕು, ಅಲ್ವಾ? ಅಷ್ಟೇ ತೆರೆಯಲು 1 ಮಿ.ಮೀ. ಪಟ್ಟಿಯ ಮೈ ಹಿಗ್ಗುವುದಕ್ಕಿಂತ 2 ಮಿ.ಮೀ. ಪಟ್ಟಿಯ ಮೈ ಎರಡು ಪಟ್ಟು ಹಿಗ್ಗಬೇಕು. ಪ್ರತಿ ಲೋಹಕ್ಕೂ ಒಂದು ಮಿತಿ ಇದೆ, ಅದು ದಾಟಿತೆಂದರೆ ಪಟ್ಟಿ ವಾಪಸ್ ಬರುವುದಿಲ್ಲ, ತೆರೆದಲ್ಲೇ ನಿಲ್ಲುತ್ತದೆ. ಆಮೇಲೆ ಇಕ್ಕಳ ಹಿಡಿದು ಒತ್ತಿ ಬಿಗಿ ಮಾಡುತ್ತಾರೆ, ಮತ್ತೆ ತೆರೆಯುತ್ತದೆ, ಮತ್ತೆ ಒತ್ತುತ್ತಾರೆ, ಕೊನೆಗೆ ಒಂದು ದಿನ ಬಗ್ಗಿದ ಜಾಗದಲ್ಲೇ ಬಿರುಕು ಬಿಟ್ಟು ಚಾಕು ಸಮೇತ ಎಲ್ಲೋ ಬಿದ್ದುಹೋಗುತ್ತದೆ.

ಮಾಡಬೇಕಾದದ್ದು ಎರಡು. ಮೊದಲು ತೋಳು, ಅಂದರೆ ಬಾಗಿನಿಂದ ತುದಿವರೆಗಿನ ಪಟ್ಟಿ, ಉದ್ದ ಮಾಡಿ. 4 ಸೆಂ.ಮೀ. ತೋಳನ್ನು 6 ಮಾಡಿದರೆ, ಅಷ್ಟೇ ತೆರೆಯಲು ಬೀಳುವ ಒತ್ತಡ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಹಿಡಿತ ಕಡಿಮೆ ಅನ್ನಿಸಿದರೆ ಪಟ್ಟಿಯ ಅಗಲ ಹೆಚ್ಚಿಸಿ, ದಪ್ಪ ಅಲ್ಲ. ಎರಡನೆಯದು, ಲೋಹ ಸರಿಯಾದದ್ದು ಆರಿಸಿ. ಸಾಮಾನ್ಯ ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ತಗಡು ಸುಮಾರು 250 ಮೆಗಾಪಾಸ್ಕಲ್ ಒತ್ತಡಕ್ಕೇ ಸೋತು ಬಾಗಿದಲ್ಲೇ ನಿಲ್ಲುತ್ತದೆ. ಹದ ಹಾಕಿದ ಸ್ಪ್ರಿಂಗ್ ಉಕ್ಕು 1000 ದಾಟಿದರೂ ವಾಪಸ್ ಬರುತ್ತದೆ. ಅಚ್ಚರಿ ಏನೆಂದರೆ, ಶುರುವಿನಲ್ಲಿ ಎರಡನ್ನೂ ಬಗ್ಗಿಸಲು ಬೇಕಾದ ಬಲ ಹೆಚ್ಚುಕಮ್ಮಿ ಒಂದೇ. ಅದಕ್ಕೇ ಹೊಸ ಎಂಎಸ್ ಕ್ಲಿಪ್ಪನ್ನು ಬೆರಳಲ್ಲಿ ಒತ್ತಿ ನೋಡಿ 'ಗಟ್ಟಿ ಇದೆ' ಅಂದುಕೊಳ್ಳುವುದು.

ಹೈ ಕಾರ್ಬನ್ ಉಕ್ಕಾದರೆ ಬಗ್ಗಿಸಿ, ಅಯಸ್ಕಾಂತ ಹಿಡಿಯದಷ್ಟು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ. ಇಷ್ಟಕ್ಕೇ ನಿಲ್ಲಿಸಿದರೆ ಗಾಜಿನ ಹಾಗೆ ಮುರಿಯುತ್ತದೆ. ಮೈ ಉಜ್ಜಿ ಹೊಳಪು ಬರಿಸಿ, ನಿಧಾನವಾಗಿ ಮತ್ತೆ ಕಾಯಿಸಬೇಕು. ಆ ಹೊಳಪಿನ ಮೇಲೆ ಬಣ್ಣ ಹಳದಿ ದಾಟಿ ನೀಲಿ ಬಂದಾಗ, ಅಂದರೆ 300 ಡಿಗ್ರಿ ಆಸುಪಾಸಿನಲ್ಲಿ, ನಿಲ್ಲಿಸಿ. ಉಕ್ಕಿನಿಂದ ಉಕ್ಕಿಗೆ ಇದು ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಮೊದಲು ಒಂದು ತುಂಡಿನ ಮೇಲೆ ನೋಡಿಕೊಳ್ಳಿ. 304 ಸ್ಟೇನ್‌ಲೆಸ್ ಪಟ್ಟಿಯನ್ನು ಮಾತ್ರ ಕಾಯಿಸಲೇಬೇಡಿ. ಅದರ ಬಿಗಿ ಬಂದಿರುವುದು ತಣ್ಣಗೆ ಒತ್ತಿದ್ದರಿಂದ, ಕೆಂಪಗೆ ಕಾಯಿಸಿದರೆ ಹೋಗಿಬಿಡುತ್ತದೆ. ಜಿಐ ತಗಡನ್ನೂ, ಅಂದರೆ ಸತು ಲೇಪಿಸಿದ ತಗಡನ್ನೂ, ಬೆಂಕಿಗೆ ಹಿಡಿಯಬೇಡಿ, ಸತುವಿನ ಹೊಗೆ ಕುಡಿದು ಚಳಿಜ್ವರ ಬರುತ್ತದೆ.

ಇನ್ನು ಭಾರದ ಕತ್ತಿಗೆ ಸ್ಪ್ರಿಂಗ್ ಕ್ಲಿಪ್ ಕೇಳುವವರಿಗೆ ನಾನು ಮಾಡಿಕೊಡುವುದಿಲ್ಲ. ಕೊಡವರ ತೋಡಂಗ್ ನೋಡಿ. ಸೊಂಟದ ಹಿಂಬದಿ ಕಟ್ಟುವ ಆ ಲೋಹದ ಕೊಕ್ಕೆಯಲ್ಲಿ ಅಷ್ಟು ಅಗಲದ ಒಡಿಕತ್ತಿ, ಕೊಡವರ ಬಾಗಿದ ಕತ್ತಿ, ಒರೆಯೇ ಇಲ್ಲದೆ ಕೂರುತ್ತದೆ. ಅಲ್ಲಿ ಸ್ಪ್ರಿಂಗ್ ಇಲ್ಲ, ಕತ್ತಿಯ ತೂಕವೇ ಅದನ್ನು ಕೂರಿಸುತ್ತದೆ. ಅಡಿಕೆ ಮರ ಹತ್ತುವವರ ಸೊಂಟದ ಕೊಕ್ಕೆಯೂ ಹೀಗೇ. ಎಷ್ಟು ಯೋಚನೆ ಮಾಡಿದ ಕೆಲಸ ಅದು! ಮರದ ಕೆಳಗೆ ಇನ್ನೊಬ್ಬರು ನಿಂತಿರುತ್ತಾರೆ ನೋಡಿ.

ಚಿಕ್ಕ ಚಾಕುವಿಗೆ ಕ್ಲಿಪ್ ಸಾಕು. ಬಗ್ಗಿಸುವಾಗ ಮೂಲೆ ಚೂಪಾಗದಿರಲಿ, ಪಟ್ಟಿಯ ದಪ್ಪದ ಮೂರು ಪಟ್ಟಾದರೂ ದುಂಡಗಿರಲಿ. ರಿವಿಟ್ ತೂತನ್ನು ಆ ಬಾಗಿನಿಂದ ದೂರ ಕೊರೆಯಿರಿ, ತೂತಿನ ಅಂಚನ್ನು ಅರದಿಂದ ನುಣ್ಣಗೆ ಮಾಡಿ. ಒರೆಗೆ ಬಡಿಯುವ ಮೊದಲು ಕ್ಲಿಪ್ಪನ್ನು ವೈಸ್‌ನಲ್ಲಿ ಹಿಡಿದು, ನಿಮ್ಮದೇ ಬೆಲ್ಟ್ ತೂರಿಸಿ ತೆಗೆದು ಹತ್ತಾರು ಸಲ ನೋಡಿ, ಬಾಯಿಯ ಅಳತೆ ಒಂದಿಷ್ಟೂ ಬದಲಾಗಿರಬಾರದು.